ಮಳೆ ಕೈಕೊಟ್ಟರೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಯಲಬುರ್ಗಾ, ಕುಷ್ಟಗಿ ಕಡೆಯ ಎರಿ–ಮಸಾರಿ ಹೊಲಗಳಿಗೆ ಮುಂಗಾರು ತಪ್ಪಿತೆಂದರೆ ಊರಿಗೆ ಊರೇ ಆಡುವ ಮಾತು ಒಂದೇ: ‘ಮಳಿ ಕೈಕೊಡ್ತು’. ಹತ್ತನೇ ತರಗತಿಯ ಹುಡುಗಿಯೊಬ್ಬಳು ಬರಗಾಲದ ಮೇಲೆ ಇಂಗ್ಲಿಷ್ ಪ್ರಬಂಧ ಬರೆಯುವಾಗ ಇದನ್ನೇ ‘ದ ರೇನ್ ಗೇವ್ ಅಸ್ ಎ ಹ್ಯಾಂಡ್’ ಎಂದು ಇಳಿಸಿದಳು ಎನ್ನಿ. ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕಾಲ ಸರಿ, ಕಾಗುಣಿತ ಸರಿ. ಆದರೆ ಇಂಗ್ಲಿಷ್ ಮನೆಮಾತಿನವರು ಅದನ್ನು ಓದಿ ‘ಸದ್ಯ, ಮಳೆ ಇವರಿಗೆ ನೆರವಾಯಿತಲ್ಲ’ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಕೈಕೊಟ್ಟವನು ಮೋಸ ಮಾಡಿದವನು, ಅವರಲ್ಲಿ ಕೈಕೊಟ್ಟವನು ಸಹಾಯ ಮಾಡಿದವನು. ಆ ಹುಡುಗಿಗೆ ಬೇಕಾಗಿದ್ದದ್ದು ‘ದ ರೇನ್ಸ್ ಫೇಲ್ಡ್’ ಎಂಬ ಮೂರು ಪದ. ಬರವೇ ಅವರ ಮನೆಯ ಸುದ್ದಿಯಾಗಿದ್ದರೂ ಅದನ್ನು ಹೇಳುವ ಆ ಮೂರು ಪದ ಅವಳ ಕಿವಿಗೆ ಎಲ್ಲಿಯೂ ಬಿದ್ದಿರುವುದಿಲ್ಲ.

ಇಂಥ ಪ್ರಶ್ನೆಗಳು ಕೊಪ್ಪಳ ಜಿಲ್ಲೆಯಲ್ಲಿ ದಿನವೂ ಹುಟ್ಟುತ್ತವೆ. ಬ್ಯಾಂಕ್ ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ, ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಕೋಣೆಯಲ್ಲಿ, ಕುಷ್ಟಗಿಯ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬರಬೇಕೋ ಬೇಡವೋ? ‘ಸ್ಟೇಷನರಿ’ಯಲ್ಲಿ ‘ಎ’ ಎಲ್ಲಿ, ‘ಇ’ ಎಲ್ಲಿ? ‘ಪ್ರಿಪೋನ್’ ಎಂಬ ಪದ ಇದೆಯೋ ಇಲ್ಲವೋ? ಕೇಳುವವರಿಗೆ ಬಹಳ ಸಲ ಸಿಗುವುದು ‘ಅದು ಹಂಗs, ಬಾಯಿಪಾಠ ಮಾಡು’ ಎಂಬ ಉತ್ತರ, ಇಲ್ಲವೇ ನಗು. ಈ ಎರಡೂ ಉತ್ತರಗಳಲ್ಲ. ಇಲ್ಲಿ ಹುಟ್ಟುವ ಇಂಗ್ಲಿಷ್ ಸಂದೇಹಗಳ ಬೇರು ಬಹುಪಾಲು ಇಲ್ಲಿನ ಕನ್ನಡದಲ್ಲೇ ಇದೆ. ಆದ್ದರಿಂದ ಉತ್ತರವೂ ಅಲ್ಲಿಂದಲೇ ಹೊರಡಬೇಕು.

ಪದಗಳ ಸರಿ–ತಪ್ಪಿನ ಚರ್ಚೆ ಈ ಮಣ್ಣಿಗೆ ಹೊಸದೇನಲ್ಲ. ರಾಷ್ಟ್ರಕೂಟರ ನೃಪತುಂಗನ ಆಸ್ಥಾನದಲ್ಲಿ 850ರ ಹೊತ್ತಿಗೆ ರಚನೆಯಾದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಸಿಗುವ ಸೀಮೆಯನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ. ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆ ಅದು ಹೆಸರಿಸುವ ನಾಲ್ಕನೆಯ ಊರು ಕೊಪಣ, ಅಂದರೆ ಇಂದಿನ ಕೊಪ್ಪಳ. ಒಳ್ಳೆಯ ಕನ್ನಡ ಯಾವುದು ಎಂದು ಕೇಳಿದವರಿಗೆ ಒಂದು ಕಾಲದಲ್ಲಿ ಈ ಊರಿನ ಕಡೆಗೆ ಬೆರಳು ತೋರಿಸುತ್ತಿದ್ದರು.

ಆಮೇಲೆ ಬೇರೆ ಭಾಷೆಗಳು ಒಂದರ ಮೇಲೊಂದು ಬಂದವು. ನಿಜಾಮರ ಹೈದರಾಬಾದ್ ರಾಜ್ಯದಲ್ಲಿ 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಆ ರಾಜ್ಯದೊಳಗೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಅದೇ ವರ್ಷ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಅಲ್ಲಿಗೇ ಓದಲು ಹೋದರು. ಮುಂದೆ ಐಎಎಸ್ ಅಧಿಕಾರಿಯಾದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡ ಕವಿಯಾದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಅದರ ಮೇಲೆ ಇಂಗ್ಲಿಷ್: ಆ ತಲೆಮಾರಿನ ಓದಿದವರ ಪಾಡು ಇದು. ಮೈಸೂರು ಸೀಮೆಗೆ ಹೋಲಿಸಿದರೆ ಇಲ್ಲಿನ ಕಚೇರಿಗೂ ಶಾಲೆಗೂ ಇಂಗ್ಲಿಷ್ ತಡವಾಗಿ ಬಂದಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯ ಸೇರಿತು, 1998ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅರ್ಜಿ, ತಕರಾರು, ದಸ್ತಾವೇಜು, ಪಹಣಿ ಎಂದು ಕಾಗದಪತ್ರದ ಮಾತನ್ನೆಲ್ಲ ಬೇರೆ ಭಾಷೆಯಿಂದ ಕಲಿತು ತಮ್ಮದಾಗಿಸಿಕೊಂಡ ಜನಕ್ಕೆ ಇಂಗ್ಲಿಷನ್ನೂ ಹಾಗೆ ಒಗ್ಗಿಸಿಕೊಳ್ಳುವ ಶಕ್ತಿ ಇಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ.

ಇಂಗ್ಲಿಷ್ ಸ್ಪೆಲಿಂಗ್ ಈ ಜಿಲ್ಲೆಯ ಜನರನ್ನು ಮೊದಲು ಕಾಡುವುದು ಪಾಠದಲ್ಲಲ್ಲ, ಅವರವರ ಹೆಸರಿನಲ್ಲಿ. ಈರಪ್ಪ ಎಂಬುದನ್ನು ಎರಡು ‘ಇ’ ಹಾಕಿ ಬರೆಯುವುದೋ, ಒಂದು ‘ಐ’ ಹಾಕಿಯೋ? ಯಮನೂರಪ್ಪನ ನಡುವೆ ಎರಡು ‘ಓ’ ಇದೆಯೋ, ಒಂದು ‘ಯು’ ಇದೆಯೋ? ಬಸವರಾಜನಿಗೆ ‘ವಿ’ಯೋ ‘ಡಬ್ಲ್ಯೂ’ವೋ, ಕೊನೆಗೊಂದು ‘ಎ’ ಬೇಕೋ? ದುರುಗಪ್ಪ ಅಂಕಪಟ್ಟಿಯಲ್ಲಿ ದುರ್ಗಪ್ಪನಾಗಿದ್ದರೆ? ಆಧಾರ್ ಕಾರ್ಡಿನಲ್ಲೊಂದು, ಪಾಸ್‌ಬುಕ್ಕಿನಲ್ಲೊಂದು, ಜಮೀನಿನ ದಾಖಲೆಯಲ್ಲಿ ಮತ್ತೊಂದು ಹೆಸರಿದ್ದರೆ ಸಹಾಯಧನ ಖಾತೆಗೆ ಬೀಳದೆ ನಿಲ್ಲುತ್ತದೆ. ಆಗ ಇಬ್ಬರೂ ಒಬ್ಬನೇ ವ್ಯಕ್ತಿ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ತನ್ನ ಹೆಸರನ್ನು ಕನ್ನಡದಲ್ಲಿ ಒಮ್ಮೆಯೂ ತಪ್ಪದೆ ಬರೆಯುವ ರೈತ, ಅಕ್ಷರವೇ ಸಾಲದ ಲಿಪಿಯೊಂದರ ಗೊಂದಲಕ್ಕೆ ದಂಡ ತೆರುತ್ತಾನೆ.

ಈ ಗೊಂದಲಕ್ಕೆ ಕಾರಣವಿದೆ. ಇಪ್ಪತ್ತಾರು ಅಕ್ಷರದ ರೋಮನ್ ಲಿಪಿಯಲ್ಲಿ ತ–ಟ, ಲ–ಳ, ಇ–ಈ ಬೇರೆ ಬೇರೆ ತೋರಿಸಬೇಕೆಂದರೆ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ವಿಲ್ಸನ್ ಹಂಟರ್ ಹೆಸರಿನಲ್ಲಿ ಜಾರಿಗೆ ಬಂದ ಲಿಪ್ಯಂತರ ಪದ್ಧತಿಯಲ್ಲಿ ಉದ್ದ ಸ್ವರಕ್ಕೆ ಗುರುತುಗಳಿದ್ದವು, ಬಳಕೆಯಲ್ಲಿ ಅವೆಲ್ಲ ಉದುರಿಹೋದವು. ದಕ್ಷಿಣದವರು ತಕಾರಕ್ಕೆ ‘ಟಿ’ ಜೊತೆ ‘ಎಚ್’ ಸೇರಿಸಿ, ಬರಿಯ ‘ಟಿ’ಯನ್ನು ಟಕಾರಕ್ಕೆ ಮೀಸಲಿಟ್ಟರು. ಹಾಗಾಗಿಯೇ ಗಂಗಾವತಿ ಒಂದು ಬೋರ್ಡಿನಲ್ಲಿ ‘ಎಚ್’ ಇಲ್ಲದೆ, ಇನ್ನೊಂದರಲ್ಲಿ ‘ಎಚ್’ ಸಹಿತ ಕಾಣುತ್ತದೆ. ಉತ್ತರ ಭಾರತದವರು ಎರಡನೆಯದನ್ನು ‘ಗಂಗಾವಥಿ’ ಎಂದು ಓದುತ್ತಾರೆ. ಎರಡೂ ಬರವಣಿಗೆಗೆ ಅದರದರ ನ್ಯಾಯವಿದೆ.

ಕೊಪ್ಪಳದ ಕತೆ ಇನ್ನೂ ಸ್ವಾರಸ್ಯದ್ದು. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳ ಮೇಲೆ ಆರ್. ಎಲ್. ಟರ್ನರ್ ಬರೆದ ಪುಸ್ತಕ 1932ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಬಂತು. ಅದೇ ಮಾಲೆಯಲ್ಲಿ 1935ರಲ್ಲಿ ಬಂದ ಸಿ. ಆರ್. ಕೃಷ್ಣಮಾಚಾರ್ಲು ಅವರ ಪುಸ್ತಕದ ಶೀರ್ಷಿಕೆಯಲ್ಲಿ ಊರಿನ ಹೆಸರು ‘ಕೊಪ್‌ಬಲ್’, ‘ಪಿ’ ಆದಮೇಲೆ ಒಂದು ‘ಬಿ’. ಆ ಕಾಲದ ಗೆಜೆಟಿಯರಿನಲ್ಲೂ ಹಾಗೇ. ಬೋರ್ಡಿನಿಂದ ಆ ‘ಬಿ’ ಎಂದೋ ಹೋಯಿತು, ರೈಲು ಟಿಕೆಟ್ಟಿನಿಂದ ಹೋಗಿಲ್ಲ. ಹುಬ್ಬಳ್ಳಿ–ಗುಂತಕಲ್ ಹಾದಿಯ ಈ ನಿಲ್ದಾಣದ ಕೋಡ್ ಇಂದಿಗೂ ‘ಕೆಬಿಎಲ್’.

ಇನ್ನು ಯಲಬುರ್ಗಾದ ಮೊದಲಿಗೆ ಬರುವ ‘ವೈ’ ಅಕ್ಷರ. ನಮ್ಮ ನಾಲಗೆ ಪದದ ಮೊದಲ ಎಕಾರಕ್ಕೆ ಯಕಾರವನ್ನು, ಒಕಾರಕ್ಕೆ ವಕಾರವನ್ನು ತಾನಾಗಿಯೇ ಸೇರಿಸುತ್ತದೆ. ಎಮ್ಮೆ ‘ಯೆಮ್ಮೆ’, ಒಂದು ‘ವಂದು’. ‘ಎ’ ಮತ್ತು ‘ಆ್ಯನ್’ ಬಗೆಗಿನ ಹಳೆಯ ತಲೆನೋವು ಇಲ್ಲಿಂದಲೇ ಏಳುತ್ತದೆ. ಬರೆದ ಅಕ್ಷರ ನೋಡಬೇಡಿ, ಕೇಳುವ ಸ್ವರ ನೋಡಿ ಎಂಬುದು ನಿಯಮ. ಅದಕ್ಕೇ ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’. ಆದರೆ ಶಾಸಕರನ್ನು ‘ಯಮ್ಮೆಲ್ಲೆ’ ಎನ್ನುವ ಕಿವಿಗೆ ಅಲ್ಲಿ ಸ್ವರ ಎಲ್ಲಿದೆ? ಅದಕ್ಕೆ ಕೇಳಿಸುವುದು ಯಕಾರ, ಹಾಗಾಗಿ ‘ಎ ಎಮ್ಮೆಲ್ಲೆ’ ಎಂದು ಬರೆಯುತ್ತದೆ. ಹಾಗೆ ಬರೆದ ವಿದ್ಯಾರ್ಥಿ ನಿಯಮ ಮುರಿದಿಲ್ಲ, ನಿಯಮವನ್ನು ತನ್ನ ಉಚ್ಚಾರಕ್ಕೆ ಪ್ರಾಮಾಣಿಕವಾಗಿ ಹಚ್ಚಿದ್ದಾನೆ. ಹೆಡ್‌ಮಾಸ್ತರರ ಕತೆಯೂ ಇಷ್ಟೇ. ‘ಎಚ್ಚೆಮ್’ ಎನ್ನುವವರಿಗೆ ‘ಆ್ಯನ್’ ಬೇಕು, ‘ಹೆಚ್ಚೆಮ್’ ಎನ್ನುವವರ ಕಿವಿ ‘ಎ’ ಕೇಳುತ್ತದೆ. ಕನ್ನಡದಲ್ಲೇ ಎಚ್–ಹೆಚ್ ಜಗಳ ಮುಗಿಯದಿರುವಾಗ ಮಕ್ಕಳನ್ನು ದೂರಿ ಫಲವಿಲ್ಲ. ಕಲಿಸುವವರು ಮೊದಲು ಆ ಪದವನ್ನು ಬಾಯಿಬಿಟ್ಟು ಹೇಳಿಸಿ, ಯಕಾರವನ್ನು ತೋರಿಸಿಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಕಾಗುಣಿತದ ಉಳಿದ ಪ್ರಶ್ನೆಗಳು ಸಣ್ಣವು. ಅಂಗಡಿಯ ‘ಸ್ಟೇಷನರಿ’ಗೆ ‘ಇ’, ನಿಂತಲ್ಲೇ ನಿಂತದ್ದಕ್ಕೆ ‘ಎ’. ಡ್ರೈವಿಂಗ್ ಲೈಸೆನ್ಸ್ ಭಾರತದಲ್ಲೂ ಬ್ರಿಟನ್ನಿನಲ್ಲೂ ‘ಸಿ’ಯಿಂದ, ಅಮೆರಿಕದಲ್ಲಿ ‘ಎಸ್’ನಿಂದ. ‘ಕಲರ್’ನಿಂದ ‘ಯು’ ತೆಗೆದದ್ದನ್ನು ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ನೆಲೆನಿಲ್ಲಿಸಿದ. ಈಗ ಮೊಬೈಲಿನಲ್ಲಿ ಭಾಷೆಯ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ನಾವು ಶಾಲೆಯಲ್ಲಿ ಕಲಿತ ಸರಿಯಾದ ಸ್ಪೆಲಿಂಗಿನ ಕೆಳಗೂ ಕೆಂಪು ಗೆರೆ ಬೀಳುತ್ತದೆ.

ವಾಕ್ಯದ ವಿಷಯ ಹಾಗಲ್ಲ, ಅಲ್ಲಿ ನಿಂತು ನೋಡಬೇಕು.

‘ಅವ ಹೊಂಟಾನ, ಅಕಿ ಹೊಂಟಾಳ, ಬಸ್ಸು ಹೊಂಟೈತಿ, ಅವರು ಹೊಂಟಾರ.’ ಕೊಪ್ಪಳದ ಐದು ವರ್ಷದ ಮಗು ಈ ಪ್ರತ್ಯಯಗಳಲ್ಲಿ ಒಂದನ್ನೂ ತಪ್ಪುವುದಿಲ್ಲ. ಅದೇ ಮಗು ದೊಡ್ಡದಾಗಿ ‘ಹಿ ಗೋ’ ಎಂದು ಬರೆದು, ಒಂದೇ ಒಂದು ‘ಎಸ್’ ಬಿಟ್ಟು ಅಂಕ ಕಳೆದುಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಹೋಗುವವರು ಯಾರೆಂದು ಹೇಳಿಬಿಡುತ್ತದೆ, ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಹಿ’ ಎಂದು ಮೊದಲೇ ಹೇಳಿಯಾಗಿರುತ್ತದೆ, ಬಾಲದ ‘ಎಸ್’ ಹೊಸದೇನನ್ನೂ ತಿಳಿಸುವುದಿಲ್ಲ. ಅರ್ಥವನ್ನೇ ಹೊರದ ಅಕ್ಷರ ಮರೆತುಹೋಗುವುದು ಸಹಜ. ‘ಹೊಂಟಾನ’ದ ಕೊನೆಯ ‘ಆನ’ ಮಾಡುವ ಕೆಲಸದ ಹಳೆಯ ಉಳಿಕೆ ಈ ‘ಎಸ್’ ಎಂದು ಹೇಳಿದರೆ ಮಗುವಿಗೆ ಹಿಡಿಯಲು ಒಂದು ಹಗ್ಗ ಸಿಗುತ್ತದೆ.

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬುದು ಪರೀಕ್ಷೆಗಳಲ್ಲಿ ‘ತಪ್ಪು ಹುಡುಕಿ’ ಎಂದು ಪದೇ ಪದೇ ಬರುವ ಬಗೆಯ ವಾಕ್ಯ. ಕನ್ನಡಿಗರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಏಕೆಂದರೆ ‘ನಿನ್ನೆ ಅವನನ್ನು ನೋಡಿದ್ದೇನೆ’ ಎನ್ನುವುದು ಕನ್ನಡದಲ್ಲಿ ಪೂರ್ತಿ ಸರಿ. ಇಂಗ್ಲಿಷ್ ಮಾತ್ರ ‘ಹ್ಯಾವ್ ಸೀನ್’ ಜೊತೆಗೆ ಮುಗಿದುಹೋದ ದಿನದ ಹೆಸರು ಇಡಗೊಡುವುದಿಲ್ಲ. ‘ಮ್ಯಾರೀಡ್ ವಿತ್’ ಹುಟ್ಟುವುದು ‘ಅವನ ಜೋಡಿ ಮದುವಿ ಆತು’ ಎಂಬುದರಿಂದ. ‘ಡಿಸ್ಕಸ್ ಅಬೌಟ್’ ಹುಟ್ಟುವುದು ‘ಬಗ್ಗೆ ಚರ್ಚೆ’ಯಿಂದ. ಇಲ್ಲಿ ಇಂಗ್ಲಿಷಿನ ಕಡೆಗೂ ಒಂದು ಹಟವಿದೆ. ‘ಡಿಸ್ಕಷನ್ ಅಬೌಟ್’ ಸರಿ, ‘ಡಿಸ್ಕಸ್ ಅಬೌಟ್’ ತಪ್ಪು. ಇದಕ್ಕೆ ತರ್ಕ ಕೇಳಿದವರಿಗೆ ತರ್ಕವಿಲ್ಲ, ರೂಢಿ ಎಂದು ನೇರವಾಗಿ ಹೇಳುವುದೇ ಒಳ್ಳೆಯ ಉತ್ತರ.

ಕನ್ನಡ ಅಡ್ಡಿಯಾಗುವಂತೆಯೇ ನೆರವಿಗೂ ಬರುತ್ತದೆ. ‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆದವರಿಗೆ ಅದನ್ನು ಕನ್ನಡದಲ್ಲಿ ಹೇಳಲು ಹೇಳಿ. ‘ನನ್ನ ಗೆಳೆಯರಲ್ಲಿ ಒಬ್ಬ’ ಎನ್ನುತ್ತಾರೆಯೇ ಹೊರತು ‘ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ. ಬಹುವಚನ ಎಲ್ಲಿ ಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು.

ಭತ್ತದ ಕಣಜ ಎನಿಸಿಕೊಂಡ ಗಂಗಾವತಿಯಲ್ಲಿ ಹುಟ್ಟುವ ಪ್ರಶ್ನೆ ಬೇರೆಯೇ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಯಲ್ಲಿರುವುದು ಭತ್ತ, ಗಿರಣಿಯಿಂದ ಹೊರಬರುವುದು ಅಕ್ಕಿ, ತಾಟಿನಲ್ಲಿರುವುದು ಅನ್ನ. ಇಂಗ್ಲಿಷ್ ಮೂರಕ್ಕೂ ‘ರೈಸ್’ ಎಂದೇ ನಡೆಸಬಲ್ಲದು, ಬೇಕಾದಾಗ ಭತ್ತಕ್ಕೆ ಮಲಯ ಮೂಲದ ‘ಪ್ಯಾಡಿ’ಯನ್ನು ತಂದುಕೊಳ್ಳುತ್ತದೆ. ನುಚ್ಚು ‘ಬ್ರೋಕನ್ ರೈಸ್’, ತೌಡು ‘ಬ್ರ್ಯಾನ್’, ಹೊಟ್ಟು ‘ಹಸ್ಕ್’. ಈ ವ್ಯಾಪಾರದ ಪದಗಳನ್ನು ಗಿರಣಿಯವರು ಯಾವ ಮೇಷ್ಟ್ರೂ ಇಲ್ಲದೆ ಕಲಿತಿದ್ದಾರೆ. ಅವರು ಎಡವುವುದು ಎಣಿಕೆಯಲ್ಲಿ. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಸಾಮಾನುಗಳು ಎಂದು ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನ ‘ಇನ್ಫರ್ಮೇಷನ್’, ‘ಅಡ್ವೈಸ್’, ‘ಲಗೇಜ್’ಗಳಿಗೆ ಬಹುವಚನವಿಲ್ಲ. ಅವುಗಳನ್ನು ಇಂಗ್ಲಿಷ್ ಒಂದೊಂದಾಗಿ ಎಣಿಸುವುದಿಲ್ಲ, ಅಕ್ಕಿಯ ಹಾಗೆ ರಾಶಿಯೆಂದೇ ನೋಡುತ್ತದೆ. ಗಂಗಾವತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಹೊಳೆಯಾಚೆಗಿನ ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಈಚೆ ದಡದ ಆನೆಗೊಂದಿಗೂ ಪರದೇಶದ ಪ್ರವಾಸಿಗಳು ಬರುತ್ತಲೇ ಇದ್ದಾರೆ. ಇಲ್ಲಿನ ಅನೇಕರು ಇಂಗ್ಲಿಷನ್ನು ಶಾಲೆಗಿಂತ ಹೆಚ್ಚಾಗಿ ಆ ಪ್ರವಾಸಿಗಳ ಬಾಯಿಂದಲೇ ಕಲಿತರು. ಅವರ ಮಾತು ಸರಾಗ. ಆದರೂ ಒಂದು ಕಡೆ ತೊಡಕಾಗುತ್ತದೆ. ‘ನೀರು ಕೊಡ್ರಿ’ ಎಂಬುದರಲ್ಲಿ ಮರ್ಯಾದೆಯೆಲ್ಲ ಆ ‘ರಿ’ಯಲ್ಲಿದೆ. ‘ಗಿವ್ ವಾಟರ್’ ಎಂದು ತಿರುಗಿಸಿದಾಗ ‘ರಿ’ ದಾರಿಯಲ್ಲೇ ಬಿದ್ದುಹೋಗುತ್ತದೆ, ಕೇಳಿದವರಿಗೆ ಅಪ್ಪಣೆಯಂತೆ ತೋರುತ್ತದೆ. ಇಂಗ್ಲಿಷಿನವರು ಆ ಮರ್ಯಾದೆಯನ್ನು ‘ಪ್ಲೀಸ್’ ಎಂಬ ಬೇರೆ ಪದದಲ್ಲಿ, ‘ಕುಡ್ ಐ’ ಎಂಬ ಪ್ರಶ್ನೆಯ ರೂಪದಲ್ಲಿ ಇಡುತ್ತಾರೆ. ಉತ್ತರ ಕರ್ನಾಟಕದವರು ಒರಟು ಎಂಬ ಮಾತು ಬೆಂಗಳೂರಿನಲ್ಲೂ ಕೇಳಿಬರುತ್ತದೆ. ‘ಬರ್ರಿ, ಕುಂದರ್ರಿ, ಊಟಾ ಮಾಡ್ರಿ’ ಎಂದು ಪ್ರತಿ ಕ್ರಿಯಾಪದಕ್ಕೂ ಗೌರವ ಅಂಟಿಸಿ ಮಾತನಾಡುವ ಜನರ ಮೇಲೆ ಅದು ದೊಡ್ಡ ಅನ್ಯಾಯ. ಇಂಗ್ಲಿಷಿನಲ್ಲಿ ‘ರಿ’ಗೆ ಬದಲು ಏನು ಎಂಬುದನ್ನು ಇಲ್ಲಿನ ಶಾಲೆಗಳಲ್ಲಿ ಮೊದಲ ಪಾಠವಾಗಿಯೇ ಕಲಿಸಬೇಕು.

‘ಹೌದಿಲ್ಲೋ’ ಇನ್ನೊಂದು. ಯಾವ ವಾಕ್ಯದ ಕೊನೆಗಾದರೂ ಬದಲಾಗದೆ ನಿಲ್ಲುವ ಈ ಪದವೇ ನಮ್ಮ ‘ಈಸಂಟ್ ಇಟ್’. ಪುಸ್ತಕದ ಇಂಗ್ಲಿಷ್ ಪ್ರತಿ ವಾಕ್ಯಕ್ಕೂ ಬಾಲ ಬದಲಿಸು ಎನ್ನುತ್ತದೆ. ಆದರೆ ಲಂಡನ್ನಿನ ಬೀದಿಯ ಹುಡುಗರೇ ಈಗ ಎಲ್ಲದಕ್ಕೂ ‘ಇನ್ನಿಟ್’ ಎಂಬ ಒಂದೇ ಬಾಲ ಹಚ್ಚುತ್ತಾರೆ. ‘ಇಲ್ಲೇ ಅದೀನಿ’ಯ ಏಕಾರ ‘ಐ ಆಮ್ ಹಿಯರ್ ಓನ್ಲಿ’ ಆಗುತ್ತದೆ. ಮಾತಿನಲ್ಲಿ ಇದರಿಂದ ಯಾರಿಗೂ ಹಾನಿಯಿಲ್ಲ, ಭಾರತದ ಉದ್ದಗಲಕ್ಕೂ ಅರ್ಥವಾಗುತ್ತದೆ. ಇನ್ನು ‘ಇವರು ನಮ್ಮ ಎಷ್ಟನೆಯ ರಾಷ್ಟ್ರಪತಿ?’ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ನೇರವಾದ ರೂಪವೇ ಇಲ್ಲ. ಸುತ್ತುಬಳಸಿ ಕೇಳಬೇಕು. ಮಕ್ಕಳು ಇದನ್ನು ಕೇಳಿದಾಗ ‘ಇಲ್ಲಿ ಕನ್ನಡದ ಬಳಿ ಇರುವುದು ಇಂಗ್ಲಿಷಿನ ಬಳಿ ಇಲ್ಲ’ ಎಂದು ಹೇಳುವುದಕ್ಕೆ ಸಂಕೋಚ ಬೇಡ.

ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? ‘ಪ್ರಿಪೋನ್’ ಎಂದರೆ ಮೂಗು ಮುರಿಯುವವರಿದ್ದಾರೆ. ಸಭೆಯನ್ನು ಮೊದಲಿಗೆ ಎಳೆದುಕೊಳ್ಳುವ ಅರ್ಥದಲ್ಲಿ ಆ ಪದವನ್ನು 1913ರಲ್ಲೇ ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ಓದುಗರೊಬ್ಬರು ಸೂಚಿಸಿದ್ದರು. ಅಲ್ಲಿ ಬೇರೂರದೆ ಇಲ್ಲಿ ಬೇರೂರಿತು, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಧೈರ್ಯವಾಗಿ ಬಳಸಬಹುದು. ‘ಡೂ ದ ನೀಡ್‌ಫುಲ್’ ಬ್ರಿಟಿಷರದೇ ಕಚೇರಿ ಭಾಷೆ. ಅವರು ಬಿಟ್ಟರು, ನಮ್ಮ ಅರ್ಜಿಗಳಲ್ಲಿ ಉಳಿಯಿತು. ತಹಶೀಲ್ದಾರರಿಗೆ ಬರೆದರೆ ಸರಿ, ಹೊರದೇಶದ ಕಂಪನಿಗೆ ಬರೆಯುವಾಗ ಹಳೆಯದಾಗಿ ಕಾಣುತ್ತದೆ. ಆದರೆ ‘ಐ ಪಾಸ್ಡ್ ಔಟ್ ಇನ್ 2022’ ಎಂದು ಸಂದರ್ಶನದಲ್ಲಿ ಹೇಳುವಾಗ ಎಚ್ಚರ ಬೇಕು. ಸೈನ್ಯದ ಪಾಸಿಂಗ್ ಔಟ್ ಪರೇಡ್‌ನಲ್ಲಿ ಅದಕ್ಕೆ ತರಬೇತಿ ಮುಗಿಸಿದ ಅರ್ಥವಿದೆ, ಬೇರೆಡೆ ಪ್ರಜ್ಞೆ ತಪ್ಪಿದೆ ಎಂಬ ಅರ್ಥ. ‘ರಿವರ್ಟ್’ ನಮಗೆ ಉತ್ತರಿಸುವುದು, ಬ್ರಿಟನ್ನಿನಲ್ಲಿ ಹಿಂದಿನ ಸ್ಥಿತಿಗೆ ಮರಳುವುದು. ಅರ್ಥ ಕೆಡುವಲ್ಲಿ, ಮನಸ್ಸು ನೋಯುವಲ್ಲಿ, ಅಂಕ ಹೋಗುವಲ್ಲಿ ತಿದ್ದಬೇಕು. ಉಳಿದ ಕಡೆ ಸುಮ್ಮನಿರಬೇಕು.

ಹಾಗೆ ತೂಗಿ ಹೇಳುವ ಪರಂಪರೆ ಕನ್ನಡದಲ್ಲೇ ಇದೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು ಪದದ ಮೂಲ, ಅದು ನಡೆದುಬಂದ ದಾರಿ, ಜನ ಅದನ್ನು ಬಳಸುವ ರೀತಿ ಎಲ್ಲವನ್ನೂ ಮುಂದಿಟ್ಟು ವಿವರಿಸುತ್ತಿದ್ದರು. ಅಂಥದೇ ಅಂಕಣ ಕನ್ನಡಿಗರ ಇಂಗ್ಲಿಷ್ ಸಂದೇಹಗಳಿಗೂ ಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಅಲ್ಲಿಯವರೆಗೆ ಅದು ಐದನೆಯದರಿಂದ ಶುರುವಾಗುತ್ತಿತ್ತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಪಾಠದ ಭಾರ ಬಿದ್ದದ್ದು ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಅಕ್ಕೋರು, ಮಾಸ್ತರರ ಮೇಲೆ. ಅದನ್ನು ಕೊರತೆ ಎಂದೇ ಎಲ್ಲರೂ ಕಾಣುತ್ತಾರೆ. ನಿಜಕ್ಕೂ ಮಗುವಿನ ತಪ್ಪು ಎಲ್ಲಿಂದ ಹುಟ್ಟಿತೆಂದು ಬೇಗ ಹೇಳಬಲ್ಲವರು ಅವರೇ, ಏಕೆಂದರೆ ಅದೇ ತಪ್ಪನ್ನು ದಾಟಿ ಬಂದವರು. ಅವರ ಕೈಗೆ ಒಳ್ಳೆಯ ಸಾಧನ ಕೊಟ್ಟಿಲ್ಲ, ಅಷ್ಟೇ. 1930ರ ದಶಕದಿಂದ ಓಡುತ್ತಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕಕ್ಕೆ ‘ಹೊಂಟಾನ’ವೂ ಗೊತ್ತಿಲ್ಲ, ‘ಕೊಡ್ರಿ’ಯೂ ಗೊತ್ತಿಲ್ಲ.

ಬೇರೆ ದಾರಿಗಳನ್ನು ಹುಡುಕಿದವರು ನಮ್ಮಲ್ಲೇ ಇದ್ದರು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ನಿಯಮ ಬಾಯಿಪಾಠ ಮಾಡಿಸದೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕ ಬಿಡಿಸುವುದು, ದಾರಿ ಹುಡುಕಿಸುವುದು ಅದರ ಕ್ರಮ. ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ವಾದ. ಕೊಪ್ಪಳದಿಂದ ಹುಬ್ಬಳ್ಳಿಗೆ ಹೋಗುವ ರೈಲುಗಳ ಪಟ್ಟಿ ಇಟ್ಟುಕೊಂಡು ಇಂದೂ ಅದನ್ನು ಮಾಡಬಹುದು.

ಎರಡನೆಯ ದಾರಿ ನಿಘಂಟಿನದು. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು 1924ರಲ್ಲಿ ಜಪಾನಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳೂ ಇವೇ ಪ್ರಶ್ನೆ ಕೇಳುತ್ತಿದ್ದರು: ಯಾವುದು ಎಣಿಸಬಹುದಾದದ್ದು, ಯಾವ ಕ್ರಿಯಾಪದದ ಮುಂದೆ ಯಾವ ಪದ? ಇಂಗ್ಲೆಂಡಿನವರಿಗಾಗಿ ಇಂಗ್ಲೆಂಡಿನವರು ಬರೆದ ನಿ​ಘಂಟುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಅವರಿಗೆ ಆ ಪ್ರಶ್ನೆಯೇ ಏಳುವುದಿಲ್ಲವಲ್ಲ. ಹಾರ್ನ್‌ಬಿ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಕಲಿಯುವವರಿಗೆಂದೇ ಒಂದು ನಿಘಂಟು ಮಾಡಿದರು. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಅದನ್ನು 1948ರಲ್ಲಿ ಆಕ್ಸ್‌ಫರ್ಡ್ ಮರುಮುದ್ರಿಸಿತು. ಇವತ್ತು ಜಗತ್ತಿನ ಕಾಲೇಜುಗಳಲ್ಲೆಲ್ಲ ಕಾಣುವ ‘ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ’ ಅದೇ.

ಕನ್ನಡದಿಂದ ಹೊರಟು ಬರುವವರಿಗೆ ಅಂಥ ಪುಸ್ತಕ ಬೇಕಾಗಿದೆ. ಇಂಗ್ಲಿಷ್–ಕನ್ನಡ ನಿಘಂಟುಗಳು ‘ಮ್ಯಾರಿ’ ಎಂದರೆ ಮದುವೆಯಾಗು ಎನ್ನುತ್ತವೆ, ಅದರ ಮುಂದೆ ‘ವಿತ್’ ಹಾಕಬೇಡ ಎಂದು ಕನ್ನಡಿಗನ ಕಿವಿಯಲ್ಲಿ ಹೇಳುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಾಲೆಗಳಲ್ಲಿ ಪ್ರತಿ ವರ್ಷ ಉತ್ತರಪತ್ರಿಕೆಗಳ ರೂಪದಲ್ಲಿ ಬಂದು ಬೀಳುತ್ತದೆ. ಕೆಂಪು ಶಾಯಿಯ ಗುರುತು ಹಾಕಿ ಕಟ್ಟಿಡುವ ಮೊದಲು ಆ ತಪ್ಪುಗಳನ್ನೂ ಅವುಗಳ ಹಿಂದಿನ ಕನ್ನಡ ವಾಕ್ಯಗಳನ್ನೂ ಎದುರುಬದುರಾಗಿ ಬರೆದಿಟ್ಟರೆ ಪುಸ್ತಕದ ಕರಡು ಸಿದ್ಧವಾದಂತೆ. ತಾಲ್ಲೂಕಿಗೊಂದು ಶಿಕ್ಷಕರ ತಂಡ, ಜಿಲ್ಲೆಯ ಹೊಸ ವಿಶ್ವವಿದ್ಯಾಲಯದ ಇಂಗ್ಲಿಷ್ ಮತ್ತು ಕನ್ನಡ ವಿಭಾಗಗಳು ಒಟ್ಟಿಗೆ ಕುಳಿತರೆ ಆಗುವ ಕೆಲಸ ಇದು.